ಕಷ್ಟದ ಹಾಸಿಗೆ

ಆ ಹಾಸಿಗೆ ಕಾರ್ಖಾನೆಯಲ್ಲಿ ಮಲಗುವುದಕ್ಕೇ ಸಂಬಳ ಪಡೆಯುತ್ತಿದ್ದವರು ಒಬ್ಬರೇ ಇದ್ದರು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಹೊಲಿದು ಮುಗಿದ ಪ್ರತಿಯೊಂದು ಹಾಸಿಗೆಯೂ ಪ್ಲಾಸ್ಟಿಕ್ ಹೊದಿಕೆ ಸೇರುವ ಮೊದಲು ಕಿಟಕಿ ಪಕ್ಕದ ಮರದ ಕಟ್ಟೆಯ ಮೇಲೆ ಬಂದು ಬೀಳುತ್ತಿತ್ತು. ದೊಡ್ಡಕ್ಕ ಚಪ್ಪಲಿ ಬಿಟ್ಟು, ಒಗೆದ ಕಾಲುಚೀಲ ಹಾಕಿಕೊಂಡು, ತಲೆಗೊಂದು ಬಟ್ಟೆ ಬಿಗಿದು ಅದರ ಮೇಲೆ ಒರಗುತ್ತಿದ್ದರು. ಕಣ್ಣು ಮುಚ್ಚಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವರು. ಒಳಗೆ ಎಲ್ಲಾದರೂ ಗಂಟುಕಟ್ಟಿದ್ದರೆ, ತಗ್ಗು ಬಿದ್ದಿದ್ದರೆ, ಅಲ್ಲಿ ಬೆರಳಿನಿಂದ ಟಕ್ ಟಕ್ ಎಂದು ಬಡಿಯುವರು. ಪಕ್ಕದಲ್ಲಿ ನಿಂತವಳು ಅಲ್ಲಿಗೊಂದು ಸೀಮೆಸುಣ್ಣದ ಗೀಟು ಎಳೆಯಬೇಕು. ಗೀಟು ಬಿದ್ದದ್ದು ವಾಪಸು ಹೋಗುತ್ತದೆ, ಬೀಳದ್ದು ಅಂಗಡಿಗೆ ಹೋಗುತ್ತದೆ.

ಹಾಗೆ ನಿಲ್ಲುತ್ತಿದ್ದವಳೇ ಪುರಾಣ. ಅದು ಅವಳ ಹೆಸರಲ್ಲ, ಕಾರ್ಖಾನೆಯವರು ಇಟ್ಟ ಅಡ್ಡಹೆಸರು. ಬಸ್ಸು ಯಾಕೆ ತಡವಾಯಿತು ಎಂದು ಕೇಳಿದರೂ ಅವಳು ಏಳು ಸಮುದ್ರದಾಚೆಯಿಂದ ಶುರುಮಾಡುತ್ತಿದ್ದಳು. ಅಜ್ಜಿಯ ಮಡಿಲಲ್ಲಿ ಕತೆ ಕೇಳುತ್ತ ಬೆಳೆದವಳು. ಅಜ್ಜಿ ಹೋದಮೇಲೆ ಆ ಕತೆಗಳೆಲ್ಲ ಅವಳ ಹೊಟ್ಟೆಯೊಳಗೇ ಉಳಿದು, ಬಾಯಿಗೆ ಬರಲು ಸಾಲುಗಟ್ಟಿ ನಿಂತಿದ್ದವು.

ಇಬ್ಬರ ನಡುವೆ ಒಂದು ಗುಟ್ಟಿತ್ತು. ಸಂಜೆ ಚಹಾದ ಗಂಟೆಗೆ ಸ್ವಲ್ಪ ಮೊದಲು ಬರುವ ಹಾಸಿಗೆಯ ಮೇಲೆ ಒರಗುತ್ತಲೇ ದೊಡ್ಡಕ್ಕ ಹೇಳುವರು: "ಇದು ಸ್ವಲ್ಪ ಕಷ್ಟದ ಹಾಸಿಗೆ ಕಣೇ." ಅಷ್ಟು ಹೇಳಿದರೆ ಮುಗಿಯಿತು. ಮುಂದಿನ ಉಸಿರಿಗೆ ಅವರು ನಿಜವಾಗಿಯೂ ನಿದ್ದೆ ಹೋಗಿರುತ್ತಿದ್ದರು. ಪುರಾಣ ಹಾಸಿಗೆಯ ಸುತ್ತ ಸುಳಿದಾಡುತ್ತ, ಬಗ್ಗಿ ನೋಡುತ್ತ, ಕಟ್ಟೆಯ ಮರಕ್ಕೆ ತಾನೇ ಟಕ್ ಟಕ್ ಬಡಿಯುತ್ತ, ದೂರದಿಂದ ನೋಡಿದವರಿಗೆ ಭಾರೀ ಕೆಲಸ ನಡೆದಿದೆ ಎನ್ನಿಸುವಂತೆ ಕಾವಲು ಕಾಯುವಳು. ಗಂಟೆ ಹೊಡೆಯುವ ಮುನ್ನ ಅಂಗಾಲಿಗೆ ಸೀಮೆಸುಣ್ಣ ತಾಗಿಸಿದರೆ ದೊಡ್ಡಕ್ಕ ಎದ್ದು ಕೂರುವರು, ಹೊಸದಾಗಿ ತೊಳೆದಿಟ್ಟ ಪಾತ್ರೆಯ ಹಾಗೆ.

ಅವರಿಗೆ ಇಡೀ ದಿನದಲ್ಲಿ ಸಿಗುತ್ತಿದ್ದ ಸರಿಯಾದ ನಿದ್ದೆ ಅದೊಂದೇ. ಮನೆಯಲ್ಲಿ ಅತ್ತೆಗೆ ಮುಪ್ಪಿನ ಮರೆವು ಬಂದು ಹಗಲು ರಾತ್ರಿ ಅದಲುಬದಲಾಗಿತ್ತು. ಹಗಲೆಲ್ಲ ಪಕ್ಕದ ಮನೆಯವರ ಕಣ್ಣಳತೆಯಲ್ಲಿ ಮಲಗಿರುತ್ತಿದ್ದವರಿಗೆ, ಊರು ದೀಪ ಆರಿಸುವ ಹೊತ್ತಿಗೆ ಬೆಳಗಾಗುತ್ತಿತ್ತು. ಒಲೆ ಹಚ್ಚುವರು, ಚಿಲಕ ತೆಗೆದು ಬೀದಿಗೆ ಇಳಿಯುವರು. ದೊಡ್ಡಕ್ಕನ ಗಂಡ ಲಾರಿ ಓಡಿಸುವವರು, ಮನೆಗೆ ಬಂದರೂ ನೆಂಟರ ಹಾಗೆ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ," ಎಂದು ದೊಡ್ಡಕ್ಕ ಪುರಾಣಳ ಹತ್ತಿರ ಮಾತ್ರ ಹೇಳಿಕೊಂಡು ನಗುತ್ತಿದ್ದರು, "ನಮ್ಮನೇಲಿ ರಾತ್ರಿ ಅತ್ತೇದು, ಹಗಲು ಕಾರ್ಖಾನೇದು. ಸೊಸೆ ಕಾಲ ಇನ್ನೂ ಬಂದಿಲ್ಲ."

ಹೊಸ ಮೇಡಂ ಬರುವವರೆಗೆ ಇದು ಹೀಗೇ ನಡೆದಿತ್ತು. ಹಳೆಯ ಮೇಲ್ವಿಚಾರಕರು ಗುಡುಗು ಸಿಡಿಲಿನ ಮನುಷ್ಯ. ಅವರು ಬರುವುದು ಅರ್ಧ ಮೈಲಿಯಿಂದಲೇ ಕೇಳುತ್ತಿತ್ತು, ಹಾಗಾಗಿ ಯಾರಿಗೂ ಅಪಾಯವಿರಲಿಲ್ಲ. ಮೇಡಂ ಹಾಗಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಮೆತ್ತಗೆ ಮಾತು. ಬಂದವರೇ ಒಬ್ಬೊಬ್ಬರನ್ನಾಗಿ ತಮ್ಮ ಕೋಣೆಗೆ ಕರೆದು ಚಹಾ ಕೊಟ್ಟರು.

"ಕೂತ್ಕೊಳ್ಳಿ. ಹೆದರ್ಬೇಡಿ, ಇದೇನು ವಿಚಾರಣೆ ಅಲ್ಲ," ಎಂದರು ಪುರಾಣಳ ಸರದಿ ಬಂದಾಗ. "ನಿಮ್ಮನ್ನ ಯಾಕೆ ಪುರಾಣ ಅಂತಾರೆ?"

"ಸುಮ್ನೆ ಮೇಡಂ. ಕತೆ ಹೇಳ್ತೀನಿ ಅಂತ."

"ಹೌದಾ? ನಂಗೂ ಒಂದು ಹೇಳಿ. ಈ ಕಾರ್ಖಾನೇದೇ."

ಗಲ್ಲಕ್ಕೆ ಕೈ ಕೊಟ್ಟು, ಕಣ್ಣರಳಿಸಿ ಕೂತು ಯಾರಾದರೂ ಅವಳ ಕತೆ ಕೇಳಿ ಅದೆಷ್ಟು ಕಾಲವಾಗಿತ್ತೋ. ಮನೆಯಲ್ಲಿ ಅಮ್ಮ "ಗಂಜಿ ಉಕ್ಕುತ್ತೆ, ಬೇಗ ಹೇಳು" ಎನ್ನುವವಳು. ಪುರಾಣಳ ನಾಲಗೆಗೆ ರೆಕ್ಕೆ ಬಂತು. ಒಂದಾನೊಂದು ಕಾರ್ಖಾನೆಯಲ್ಲಿ ಒಬ್ಬಳು ಹಾಸಿಗೆ ರಾಣಿ. ಹಗಲೆಲ್ಲ ಹಾಸಿಗೆಗಳ ತಪ್ಪು ಹಿಡಿಯುವವಳು. ಚಹಾದ ಗಂಟೆಗೆ ಮುಂಚೆ ಮಾತ್ರ ಒಂದು ಮಾಯದ ಹಾಸಿಗೆ ಬರುತ್ತದೆ, ಅದು ರಾಣಿಯನ್ನೇ ಹಿಡಿದುಬಿಡುತ್ತದೆ. ಪುರಾಣ ಕೈ ಬಾಯಿ ತಿರುಗಿಸಿ, ಲಾರಿ ದಿಣ್ಣೆ ಹತ್ತುವ ಹಾಗೆ ಗೊರಕೆ ಹೊಡೆದೂ ತೋರಿಸಿದಳು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವಳು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಕಾರ್ಖಾನೆಯಲ್ಲಿ ಹಾಸಿಗೆಯ ಮೇಲೆ ಮಲಗುವ ರಾಣಿಯರು ಎಷ್ಟು ಜನ ಇದ್ದಾರು?

ಕೋಣೆಯಿಂದ ಹೊರಗೆ ಬಂದಾಗ ಅವಳ ಮೈ ಹೂವಿನಷ್ಟು ಹಗುರವಾಗಿತ್ತು. ಹೇಳಬಾರದ್ದನ್ನು ಹೇಳಿದೆ ಎಂಬುದು ತಲೆಗೆ ಹತ್ತಿದ್ದು ಕಟ್ಟೆಯ ಹತ್ತಿರ ಬಂದು ದೊಡ್ಡಕ್ಕನ ಕಾಲುಚೀಲ ಕಂಡಾಗ. ಆದರೂ, ಮೇಡಂ ನಕ್ಕರಲ್ಲ, ನಕ್ಕವರು ಕೇಡು ಮಾಡುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡಳು.

ಮುಂದಿನ ವಾರ ದೊಡ್ಡಕ್ಕನನ್ನು ಅಂಚು ಹೊಲಿಗೆಗೆ ಹಾಕಿದರು. ಮೇಡಂ ಅದನ್ನೂ ಮೆತ್ತಗೇ ಹೇಳಿದರು: "ಒಂದೇ ಕಡೆ ಇದ್ದೂ ಇದ್ದೂ ನಿಮಗೂ ಬೇಜಾರಾಗಿರತ್ತೆ ಅಲ್ವಾ?" ಅಂಚು ಹೊಲಿಯುವ ಯಂತ್ರ ಹಾಸಿಗೆಯ ಸುತ್ತ ತಾನೇ ಹರಿದಾಡುವಂಥದ್ದು, ಹೊಲಿಯುವವರೂ ಅದರ ಹಿಡಿ ಹಿಡಿದು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಕೂರುವ ಮಾತಿಲ್ಲ. ಖಾಲಿಯಾದ ಕಟ್ಟೆಗೆ ಪುರಾಣಳನ್ನೇ ಏರಿಸಿದರು. ಅವಳ ಕೈಯ ಸೀಮೆಸುಣ್ಣ ಬೇರೊಬ್ಬಳ ಕೈಗೆ ಹೋಯಿತು.

ಸುದ್ದಿ ಮೇಡಂ ಕಿವಿಗೆ ಹೋದದ್ದು ಹೇಗೆ ಎಂದು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕಟ್ಟೆಯ ಎದುರಿಗೇ ನಿಂತು ಸ್ಪಂಜು ಕತ್ತರಿಸುವ ಕತ್ತರಿ ಮಾವ ಇದ್ದರಲ್ಲ. ಅವರ ಬಾಯಿಗೆ ಬಿದ್ದದ್ದು ಸಂತೆಗೆ ಬಿದ್ದ ಹಾಗೆ ಎಂದು ಎಲ್ಲರಿಗೂ ಗೊತ್ತು. ಪುರಾಣಳ ಹಿಂದೆಯೇ ಅವರೂ ಮೇಡಂ ಕೋಣೆಗೆ ಹೋಗಿ ಚಹಾ ಕುಡಿದು ಬಂದಿದ್ದರು. ದೊಡ್ಡಕ್ಕ ಅವರ ಜೊತೆ ಮಾತು ಬಿಟ್ಟರು. ದೊಡ್ಡಕ್ಕ ಬಿಟ್ಟಮೇಲೆ ಊಟದ ಬೆಂಚಿನವರೆಲ್ಲ ಬಿಟ್ಟರು. ಮಾವ ಸ್ಪಂಜಿನ ರಾಶಿಯ ಹಿಂದೆ ಒಬ್ಬರೇ ಡಬ್ಬಿ ಬಿಚ್ಚಿಕೊಂಡು ಕೂರತೊಡಗಿದರು. ಪುರಾಣ ಅದನ್ನು ನೋಡುತ್ತಲೇ ಉಣ್ಣುತ್ತಿದ್ದಳು.

ಆಗಿನಿಂದಲೇ ಅವಳಿಗೆ ನಿದ್ದೆ ಬಿಟ್ಟುಹೋದದ್ದು.

ಹಗಲೆಲ್ಲ ಕಣ್ಣು ಮುಚ್ಚಿ ಹಾಸಿಗೆಗಳ ಮೇಲೆ ಹೊರಳುವ ಕೆಲಸ. ಮನೆಗೆ ಬಂದು ಹಾಸಿಗೆಗೆ ಬೆನ್ನು ತಾಗಿಸಿದರೆ ಸಾಕು, ಮೈ ಅದೇ ಕೆಲಸ ಶುರುಮಾಡುತ್ತಿತ್ತು. ಇಲ್ಲೊಂದು ಗಂಟು, ಅಲ್ಲೊಂದು ತಗ್ಗು. ಬೆರಳು ತಾನಾಗಿಯೇ ಟಕ್ ಟಕ್ ಬಡಿಯುತ್ತಿತ್ತು.

"ಏನೇ ಅದು, ಇಲಿ ಕೆರೆದ ಹಾಗೆ?" ಎಂದು ಪಕ್ಕದಲ್ಲಿ ಮಲಗಿದ ಅಮ್ಮ ಗದರುವಳು. "ಮಲಗೋ ಕೆಲಸ ಸಿಕ್ಕಿದೆ ಅಂತ ನಾಲ್ಕು ಜನಕ್ಕೆ ಹೇಳ್ಕೊಂಡು ಬಂದಿದೀನಿ. ನೀನು ನೋಡಿದ್ರೆ ಗೂಬೆ ಥರ ಕಣ್ಣು ಬಿಟ್ಕೊಂಡಿರ್ತೀಯ. ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಮ್ಮ. ಯಾರೂ ಏನೂ ಅಂದಿಲ್ಲ."

ಅದೇ ಕಷ್ಟವಾಗಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಆಗೆಲ್ಲ ಅವಳಿಗೆ ಅಜ್ಜಿಯ ಕತೆಯೊಂದು ನೆನಪಾಗುತ್ತಿತ್ತು. ನಿದ್ದಮ್ಮ ಅಂತ ಒಬ್ಬಳು ಮುದುಕಿ, ಎರಡೂ ಕಣ್ಣು ಕಾಣದವಳು. ಕತ್ತಲಾದಮೇಲೆ ಮನೆಮನೆಗೆ ಹೋಗುತ್ತಾಳೆ, ಕೈಯಾಡಿಸಿ ದಿಂಬು ಹುಡುಕುತ್ತಾಳೆ, ದಿಂಬಿನ ವಾಸನೆಯಿಂದಲೇ ಯಾರ ಮನೆ ಎಂದು ತಿಳಿಯುತ್ತಾಳೆ. ಒಂದು ಸಲ ಒಬ್ಬಳು ಪಕ್ಕದ ಮನೆಯವಳ ದಿಂಬು ಕದ್ದಳಂತೆ. ನಿದ್ದಮ್ಮ ಕದ್ದವಳ ಮನೆಗೆ ಬಂದು ದಿಂಬು ಮೂಸಿ, "ಅಯ್ಯೋ, ಇದು ಈ ಮನೆಯಲ್ಲ" ಎಂದು ಹೊರಟಳು. ಕಳೆದುಕೊಂಡವಳ ಮನೆಗೆ ಹೋದರೆ ಅಲ್ಲಿ ದಿಂಬೇ ಇಲ್ಲ. ಪಾಪ, ಎರಡು ಮನೆಗಳ ನಡುವಿನ ಮೆಟ್ಟಿಲ ಮೇಲೆ ಬೆಳಗಿನ ತನಕ ಕೂತಿದ್ದಳು.

"ಆಮೇಲೆ ಅಜ್ಜೀ?" ಎಂದು ಕೇಳಿದರೆ ಅಜ್ಜಿ ಹೇಳುತ್ತಿದ್ದುದು ಇಷ್ಟು: "ಆಮೇಲೇನು, ದಿಂಬು ವಾಪಸ್ ಕೊಟ್ರೆ ಬರ್ತಾಳೆ. ಆದ್ರೆ ಮೊದಲು ಕಳ್ಕೊಂಡೋಳ ಮನೆಗೆ. ಕದ್ದೋಳು ಕಾಯ್ಬೇಕು."

ಒಂದು ಮಧ್ಯಾಹ್ನ ಅಂಚು ಹೊಲಿಗೆಯ ಕಡೆ ಒಮ್ಮೆಲೇ ನಗೆ ಎದ್ದಿತು. ಹೊಲಿದು ಮುಗಿದ ಹಾಸಿಗೆಯನ್ನು ಆಳುಗಳಿಬ್ಬರು ಎತ್ತಿಕೊಂಡು ಹೊರಟರೆ, ದೊಡ್ಡಕ್ಕನೂ ಅದರ ಜೊತೆಗೇ ಹೊರಟಿದ್ದರು. ಅವರ ಅಂಗಿಯ ತೋಳು ಹಾಸಿಗೆಯ ಅಂಚಿನ ಪಟ್ಟಿಗೆ ಸೇರಿ ಹೊಲಿದುಹೋಗಿತ್ತು. ಸುತ್ತು ಬರುತ್ತ ಬರುತ್ತ ಅವರು ಕಾಲ ಮೇಲೇ ನಿದ್ದೆ ಹೋಗಿದ್ದರು.

"ಏನಕ್ಕ, ಹಾಸಿಗೆ ತಗೊಂಡ್ರೆ ಮಲಗೋರೂ ಬಿಟ್ಟಿಯಾ?" ಎಂದ ಆಳುಗಳಲ್ಲೊಬ್ಬ.

"ತೊಳೆಯೋಕೆ ಹಾಕ್ಬೇಡಿ, ಬಣ್ಣ ಬಿಡ್ತೀನಿ," ಎಂದು ದೊಡ್ಡಕ್ಕನೂ ನಕ್ಕರು.

ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಪುರಾಣ ಓಡಿ ಬಂದಳು. ಮಂಡಿಯೂರಿ ಒಂದೊಂದೇ ಹೊಲಿಗೆ ಬಿಚ್ಚುವಾಗ ಕಂಡಿತು: ಸೂಜಿ ಹೋದ ಜಾಗಕ್ಕೂ ಮಣಿಕಟ್ಟಿನ ನೀಲಿ ನರಕ್ಕೂ ನಡುವೆ ಒಂದು ಬೆರಳಿಡುವಷ್ಟು ಜಾಗವೂ ಇರಲಿಲ್ಲ.

"ನಿನ್ನ ಕಣ್ಣ ಕೆಳಗೆ ಏನೇ ಇಷ್ಟು ಕಪ್ಪು?" ಎಂದರು ದೊಡ್ಡಕ್ಕ, ಅವಳಿಗೆ ಮಾತ್ರ ಕೇಳುವಂತೆ. "ನಿದ್ದೆ ಮಾಡ್ತಿದೀಯಾ ಇಲ್ವಾ? ಸರಿಯಾಗಿ ಉಂಡು ಮಲಗೇ ಮಾರಾಯ್ತಿ. ಕಣ್ಣು ಉರೀತಿದ್ರೆ ಮೈಗೆ ಗಂಟು ತಿಳಿಯಲ್ಲ."

ಕೆನ್ನೆಗೊಂದು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ಪುರಾಣಳಿಗೆ.

ಕೊಕ್ಕೆಯನ್ನು ಕೈಯಲ್ಲೇ ಹಿಡಿದುಕೊಂಡು ಅವಳು ನೇರ ಮೇಡಂ ಕೋಣೆಗೆ ಹೋದಳು. "ಮೇಡಂ, ನಾನವತ್ತು ಹೇಳಿದ್ದು ಕತೆ. ಉಪ್ಪು ಖಾರ ಹಚ್ಚಿ ಹೇಳ್ದೆ. ದೊಡ್ಡಕ್ಕನ್ನ ವಾಪಸ್ ಕಟ್ಟೆಗೆ ಹಾಕಿ. ನಾನು ಅಂಚಿಗೆ ಹೋಗ್ತೀನಿ."

ಮೇಡಂ ತಲೆ ಎತ್ತಿದರು. ಹತ್ತಿರದಿಂದ ನೋಡಿದರೆ ಅವರ ಕಣ್ಣ ಕೆಳಗೂ ಬಣ್ಣ ಹಚ್ಚಿ ಮುಚ್ಚಿದ ಕಪ್ಪಿತ್ತು.

"ಅವರು ಮಲಗ್ತಿದ್ದಿದ್ದು ಕತೆನಾ, ನಿಜನಾ?"

ಪುರಾಣ ಕೈಯಲ್ಲಿದ್ದ ಕೊಕ್ಕೆಯ ತುದಿ ನೋಡಿದಳು.

"ನೋಡಿ, ನನ್ನ ಮೇಲೂ ಒಬ್ರಿದಾರೆ. ಅವರ ಫೋನ್ ಬಂದ್ರೆ ನಾನು ಹಾಸಿಗೆಯಿಂದ ಬೆಚ್ಚಿ ಏಳ್ತೀನಿ, ಬರದೇ ಇದ್ರೆ ಯಾಕೆ ಬರಲಿಲ್ಲ ಅಂತ ಎದ್ದು ಕೂತಿರ್ತೀನಿ. ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನೋ ಧೈರ್ಯ ನಂಗಿಲ್ಲ. ನೀವು ಹೇಳದೇ ಇದ್ದಿದ್ರೆ ನಂಗೂ ಒಳ್ಳೇದಿತ್ತು." ಮೆತ್ತಗೆ ಸೇರಿಸಿದರು: "ಹೇಳಿದ್ದು ನೀವು ಅಂತ ನಾನೇನೂ ಯಾರಿಗೂ ಹೇಳಲ್ಲ. ನೆಮ್ಮದಿಯಾಗಿರಿ."

ಅಲ್ಲಿಗೆ ಆ ಬಾಗಿಲು ಮುಚ್ಚಿತು. ಉಳಿದದ್ದು ಇನ್ನೊಂದೇ ಬಾಗಿಲು.

ಮರುದಿನ ಊಟದ ಹೊತ್ತಿಗೆ ದೊಡ್ಡಕ್ಕ ಹಿಂದಿನ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದರು. ಪುರಾಣ ಹೋಗಿ ಪಕ್ಕದಲ್ಲಿ ನಿಂತಳು. ಆವತ್ತು ಮಾತ್ರ ಅವಳು ಏಳು ಸಮುದ್ರದಾಚೆಯಿಂದ ಶುರುಮಾಡಲಿಲ್ಲ.

"ಅಕ್ಕ, ಮೇಡಂಗೆ ಹೇಳಿದ್ದು ಮಾವ ಅಲ್ಲ. ನಾನು."

ದೊಡ್ಡಕ್ಕ ಡಬ್ಬಿಯ ತಳ ಉಜ್ಜುತ್ತಲೇ ಇದ್ದರು.

"ಕೇಡು ಬಯಸಿ ಅಲ್ಲಕ್ಕ. ಕತೆ ಹೇಳಿ ಅಂದ್ರು. ನಗಿಸೋಣ ಅಂತ..."

"ನಕ್ಕರಾ?"

"ಹೂಂ."

"ಗೊರಕೇನೂ ಹೊಡೆದು ತೋರಿಸಿದ್ಯಾ?"

"ಹೂಂ."

"ಹೇಗೆ? ತೋರ್ಸು."

"ಬೇಡಕ್ಕ."

"ಅವರ ಮುಂದೆ ಬಂದಿದ್ದು ನನ್ನ ಮುಂದೆ ಯಾಕೆ ಬರಲ್ಲ?" ದೊಡ್ಡಕ್ಕ ನಲ್ಲಿ ನಿಲ್ಲಿಸಿದರು. ಸಿಟ್ಟಿನ ಸದ್ದೇ ಇರಲಿಲ್ಲ, ದಣಿದ ದನಿ. "ನಿಂಗೆ ನಮ್ಮತ್ತೆ ಸಂಗತಿ ಗೊತ್ತಿತ್ತು. ಕಾರ್ಖಾನೇಲಿ ಬೇರೆ ಯಾರಿಗೂ ನಾನು ಹೇಳಿರಲಿಲ್ಲ. ಇರಲಿ. ಈಗ ಹೇಳ್ಕೊಂಡ್ಯಲ್ಲ, ಎದೆ ಮೇಲಿನ ಕಲ್ಲು ಇಳೀತು. ಇವತ್ತು ನಿಂಗೆ ನಿದ್ದೆ ಬರತ್ತೆ. ನಂಗೆ ಬರೋಕೆ ಏನ್ಮಾಡ್ತೀಯ?"

ಉತ್ತರಕ್ಕೆ ಕಾಯದೆ ಹೋಗುತ್ತ, ಬಾಗಿಲಲ್ಲಿ ತಿರುಗಿ ನಿಂತರು. "ಅದಕ್ಕಿಂತ ಮೊದಲು ಮಾವನ ಹತ್ರ ಹೋಗು. ಎಲ್ಲರ ಎದುರಿಗೆ."

ದೊಡ್ಡಕ್ಕನ ಮಾತು ಅರ್ಧ ಸುಳ್ಳಾಯಿತು. ಅಂದೂ ಅವಳಿಗೆ ನಿದ್ದೆ ಬರಲಿಲ್ಲ.

ಮಾವನಿಗೆ ಹೇಳಿದ್ದು ಮರುದಿನ, ಊಟದ ಬೆಂಚು ತುಂಬಿದ್ದಾಗ. ಸ್ಪಂಜಿನ ರಾಶಿಯ ಹಿಂದಿನಿಂದ ಕತ್ತರಿ ಮಾವ ಕತ್ತು ಚಾಚಿ ನೋಡಿದರು, ಬಾಯಲ್ಲಿದ್ದುದನ್ನು ಸಾವಕಾಶವಾಗಿ ಅಗಿದು ನುಂಗಿದರು.

"ಅಲ್ಲಮ್ಮ ಪುರಾಣ," ಎಂದರು, "ಹುಟ್ಟಿದಾಗಿಂದ ಮೊದಲನೇ ಸಲ ನಾನು ಒಂದು ವಿಷಯಕ್ಕೆ ಬಾಯಿ ಮುಚ್ಕೊಂಡಿದ್ದೆ. ಅಕ್ಕ ಮಲಗೋದು ನಂಗೂ ಗೊತ್ತಿತ್ತು, ಮೇಡಂ ಕೇಳಿದಾಗ ನನ್ನ ಮೊಮ್ಮಗಳ ಹಲ್ಲಿನ ವಿಷಯ ಹೇಳಿ ಬಂದೆ. ಅದಕ್ಕೆ ಸಿಕ್ಕಿದ್ದು ಈ ಬಹುಮಾನ."

ಯಾರೂ ನಗಲಿಲ್ಲ. ದೊಡ್ಡಕ್ಕ ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಬನ್ನಿ ಮಾವ. ನಂದೂ ತಪ್ಪಾಯ್ತು," ಎಂದು ತಮ್ಮ ಡಬ್ಬಿಯಿಂದ ಅರ್ಧ ಅವರ ಮುಚ್ಚಳಕ್ಕೆ ಬಗ್ಗಿಸಿದರು. ಪುರಾಣ ತನ್ನ ಡಬ್ಬಿ ಎತ್ತಿಕೊಂಡು ಸ್ಪಂಜಿನ ರಾಶಿಯ ಹಿಂದೆ, ಮಾವ ಖಾಲಿ ಮಾಡಿದ ಜಾಗದಲ್ಲಿ ಕೂತಳು. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ.

ರಜೆಯ ದಿನ ಬಂತು. ರಾತ್ರಿ ಊಟದ ಹೊತ್ತು ಕಳೆದಮೇಲೆ ಅವಳು ದೊಡ್ಡಕ್ಕನ ಮನೆಯ ಬಾಗಿಲು ತಟ್ಟಿದಳು. ಬಾಗಿಲ ಒಳಗಡೆ ಕುರ್ಚಿ ಅಡ್ಡ ಇಟ್ಟಿದ್ದರು, ಅತ್ತೆ ಹೊರಗೆ ಹೋಗದ ಹಾಗೆ. ಅದನ್ನು ಸರಿಸಿ ದೊಡ್ಡಕ್ಕ ಇಣುಕಿದರು.

"ಏನು?"

"ನೀವು ಮಲಗಿ ಅಕ್ಕ. ಅವರನ್ನ ನಾನು ನೋಡ್ಕೋತೀನಿ. ಅಮ್ಮಂಗೆ ಹೇಳಿ ಬಂದಿದೀನಿ, ಬೆಳಿಗ್ಗೆ ಇಲ್ಲಿಂದಲೇ ಕೆಲಸಕ್ಕೆ."

"ಪಾಪ ತೊಳ್ಕೊಳ್ಳೋಕೆ ನಮ್ಮನೇನೇ ಬೇಕಾಯ್ತಾ?"

"ತೊಳೆಯತ್ತೋ ಇಲ್ವೋ ಗೊತ್ತಿಲ್ಲ. ಕಾವಲು ನಿಲ್ಲೋದು ಒಂದೇ ನಂಗೆ ಬರೋ ಕೆಲಸ. ಒಂದು ಸಲ ಕೆಡಿಸಿದೀನಿ. ವಾರಕ್ಕೊಂದು ರಾತ್ರಿ ಬರ್ತೀನಿ, ಬೇಡ ಅಂದ್ರೂ ಬರ್ತೀನಿ."

ದೊಡ್ಡಕ್ಕ ಬಹಳ ಹೊತ್ತು ಅವಳ ಮುಖ ನೋಡಿದರು. ನಂಬಬೇಕೋ ಬೇಡವೋ ಎಂದಲ್ಲ. ಬೇಡ ಎನ್ನುವಷ್ಟು ಕಸುವು ತಮ್ಮಲ್ಲಿ ಉಳಿದಿದೆಯೇ ಎಂದು ಹುಡುಕುತ್ತಿದ್ದ ಹಾಗಿತ್ತು. ಕೊನೆಗೆ ಕುರ್ಚಿಯನ್ನು ಪೂರ್ತಿ ಬದಿಗೆ ಎಳೆದರು.

"ಒಲೆ ಹತ್ರ ಬಿಡ್ಬೇಡ. ಚಿಲಕ ತೆಗೆದ್ರೆ ಕೈ ಹಿಡಿ, ಎಳೀಬೇಡ. ಕೇಳಿದ್ದನ್ನೇ ಕೇಳ್ತಾರೆ, ಹೇಳಿದ್ದನ್ನೇ ಹೇಳು." ಒಳಕೋಣೆಯ ಹೊಸ್ತಿಲಲ್ಲಿ ನಿಂತು, ತಿರುಗಿ ನೋಡದೆ, "ನಾನಿನ್ನೂ ಸಿಟ್ಟು ಬಿಟ್ಟಿಲ್ಲ ಕಣೇ," ಎಂದರು.

"ಗೊತ್ತು ಅಕ್ಕ."

ಅತ್ತೆ ಆಗ ತಾನೇ ಎದ್ದು, ತಲೆ ಬಾಚಿಕೊಂಡು, ಎಲ್ಲಿಗೋ ಹೊರಡಲು ಸಿದ್ಧವಾಗಿ ಕೂತಿದ್ದರು. ಬೆಳ್ಳಗಿನ ಪುಟ್ಟ ಮುದುಕಿ, ಹಕ್ಕಿಯ ಹಾಗೆ ಚುರುಕು ಕಣ್ಣು.

"ಯಾರಮ್ಮ ನೀನು? ಹಾಲಿನೋಳಾ?"

"ಅಲ್ಲಜ್ಜಿ. ಕತೆ ಹೇಳೋಳು."

"ಹಾಗಾದ್ರೆ ಹೇಳು. ಬಸ್ಸಿಗೆ ಇನ್ನೂ ಹೊತ್ತಿದೆ."

ಪುರಾಣ ನೆಲದ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಬಾಯಿಗೆ ಬಂದದ್ದು ನಿದ್ದಮ್ಮನ ಕತೆಯೇ. ಮುದುಕಿ ಬಂದಳು, ಕೈಯಾಡಿಸಿದಳು, ದಿಂಬು ಮೂಸಿದಳು ಎನ್ನುವಷ್ಟರಲ್ಲಿ ಅತ್ತೆ ತಡೆದರು.

"ದಿಂಬು ಯಾರದ್ದು?"

"ಪಕ್ಕದ ಮನೆಯೋಳದ್ದು, ಅಜ್ಜಿ."

"ಕದ್ದಿದ್ಯಾರು?"

ಅಜ್ಜಿಯ ಕತೆಯಲ್ಲಿ ಕದ್ದವಳಿಗೆ ಹೆಸರಿರಲಿಲ್ಲ. ಪುರಾಣ ಒಳಕೋಣೆಯ ಕಡೆಗೊಮ್ಮೆ ನೋಡಿದಳು. "ನಾನು," ಎಂದಳು.

"ಛೆ ಛೆ. ಕದೀಬಾರ್ದಮ್ಮ," ಎಂದು ಅತ್ತೆ ತಲೆಯಾಡಿಸಿದರು. "ಆಮೇಲೆ?"

ಆಮೇಲಿನದು ಹೇಳುವ ಹೊತ್ತಿಗೆ ಹಿಂದಿನದು ಅವರಿಗೆ ಮರೆತುಹೋಗಿತ್ತು. ದಿಂಬು ಯಾರದ್ದು ಎಂದು ಮತ್ತೆ ಕೇಳಿದರು. ಕದ್ದಿದ್ಯಾರು ಎಂದು ಮತ್ತೆ ಕೇಳಿದರು. ಪುರಾಣ ಮತ್ತೆ ಹೇಳಿದಳು. ಒಮ್ಮೆ ಒಪ್ಪಿಕೊಂಡರೆ ಮುಗಿಯುವ ಮಾತು ಎಂದುಕೊಂಡಿದ್ದಳು. ಇಲ್ಲಿ ಅದು ಹೊಸದಾಗಿ, ಮೊದಲ ಸಲದಷ್ಟೇ ಭಾರವಾಗಿ, ಪ್ರತಿ ಸಲ ಎತ್ತಿ ಕೊಡಬೇಕಾಗಿತ್ತು. ಪ್ರತಿ ಸಲವೂ ಅತ್ತೆ ಅಷ್ಟೇ ಬೇಸರದಿಂದ ಛೆ ಛೆ ಎನ್ನುತ್ತಿದ್ದರು.

ಹಾಗೆ ಹೇಳುತ್ತಿರುವಾಗ ಒಳಗಿನಿಂದ ಒಂದು ಸದ್ದು ಕೇಳಿತು. ಹಾಲು ಕಾಯುವಾಗ ಪಾತ್ರೆಯ ಅಂಚಿನಲ್ಲಿ ಸುಯ್ ಎನ್ನುತ್ತದಲ್ಲ, ಅಷ್ಟು ಸಣ್ಣದು. ದೊಡ್ಡಕ್ಕನ ಗೊರಕೆ. ಮೇಡಂ ಕೋಣೆಯಲ್ಲಿ ತಾನು ಹೊಡೆದ ಲಾರಿಯ ಗೊರಕೆ ನೆನಪಾಗಿ ಪುರಾಣ ಮುಖ ಮುಚ್ಚಿಕೊಂಡಳು. ಇಷ್ಟು ದಿನ ಪಕ್ಕದಲ್ಲೇ ನಿಂತು ಕೇಳಿದ್ದ ಸದ್ದು. ಅದೇ ಸದ್ದನ್ನು ಇದ್ದ ಹಾಗೆ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಆ ಸದ್ದು ಕೇಳುತ್ತ ಕೇಳುತ್ತ ಅವಳ ರೆಪ್ಪೆಗಳು ಭಾರವಾದವು. ವಾರಗಟ್ಟಲೆ ಬಾರದಿದ್ದ ನಿದ್ದೆ ಈಗ, ಬರಬಾರದ ಹೊತ್ತಿಗೆ, ಬಂದು ಭುಜದ ಮೇಲೆ ಕೈಯಿಟ್ಟಿತ್ತು. ಕುತ್ತಿಗೆ ವಾಲಿತು. ಎದುರಿಗೆ ಅತ್ತೆ ಎದ್ದು ನಿಂತು ಚಿಲಕದ ಕಡೆ ನೋಡುತ್ತಿದ್ದರು.

"ಆಮೇಲೇನಾಯ್ತಮ್ಮ? ನಿದ್ದಮ್ಮ ಬಂದ್ಲಾ?"

ಪುರಾಣ ಬೆರಳಿನಿಂದ ನೆಲಕ್ಕೆ ಟಕ್ ಟಕ್ ಎಂದು ಬಡಿದು ತನ್ನನ್ನು ತಾನೇ ಎಬ್ಬಿಸಿಕೊಂಡಳು. ಎದ್ದು ಹೋಗಿ, ಎಳೆಯದೆ, ಮುದುಕಿಯ ಕೈ ಹಿಡಿದಳು.

"ಬಂದಿದಾಳೆ ಅಜ್ಜಿ. ಒಳಗೆ ಹೋಗಿದಾಳೆ. ನಾವು ಸದ್ದು ಮಾಡ್ಬಾರ್ದು."

"ನಿನ್ನ ಮನೆಗೆ?"

"ನಾನು ಕಾಯ್ಬೇಕು," ಎಂದಳು ಪುರಾಣ, ಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತ.